ಬ್ರಸೆಲ್ಸ್ ಸ್ಪ್ರೌಟ್ಸ್: ಕುದಿಸುವುದೋ, ಓವನ್‌ಗಿಡುವುದೋ, ಪಲ್ಯವೋ?

ನಿಂಬೆಗಾತ್ರದ ಈ ಕೋಸಿನ ಹೆಸರೆತ್ತಿದರೆ ಮೂಗು ಮುರಿಯುವವರು ಬಹುಪಾಲು ತಿಂದಿರುವುದು ಅತಿಯಾಗಿ ಕುದಿಸಿದ್ದನ್ನು. ತಲಾ ಕಾಲು ಕೆ.ಜಿ.ಯಂತೆ ಬುಡ ಕೊಯ್ದು, ಹಳದಿ ಎಲೆ ಕಿತ್ತು, ಮೂರು ಬಗೆಯಲ್ಲಿ ಮಾಡಿ ನೋಡಿದ್ದಾಯಿತು.

ಕುದಿಸುವುದಾದರೆ ಎರಡು ಹೋಳು ಮಾಡಿ ಉಪ್ಪು ಹಾಕಿದ ಕುದಿನೀರಿನಲ್ಲಿ 5 ನಿಮಿಷ ಸಾಕು. 10 ದಾಟಿತೋ, ಹಸಿರು ಮಂಕಾಗಿ ಗಂಧಕದ ನಾತ ಅಡುಗೆಮನೆ ತುಂಬುತ್ತದೆ. ಇದರಲ್ಲಿರುವ ಗ್ಲುಕೋಸಿನೊಲೇಟ್‌ಗಳೆಂಬ ಸಸ್ಯ ರಾಸಾಯನಿಕಗಳಲ್ಲಿ (ಸಿನಿಗ್ರಿನ್ ಅವುಗಳಲ್ಲೊಂದು) ಗಂಧಕವಿದೆ, ಬೆಂದಷ್ಟೂ ಅದು ಹೊರಬೀಳುತ್ತದೆ. 100 ಗ್ರಾಂ ಹಸಿಕೋಸಿನಲ್ಲಿ ಸುಮಾರು 85 ಮಿ.ಗ್ರಾಂ ಸಿ ವಿಟಮಿನ್ ಇದ್ದರೂ, ಒಂದು ಪಾಲು ಬಸಿದ ನೀರಿನ ಜೊತೆ ಸಿಂಕ್ ಪಾಲು. ಮೆತ್ತಗೇ ಬೇಕೆಂದರೆ ಇಡ್ಲಿ ಪಾತ್ರೆಯಲ್ಲಿ 6–7 ನಿಮಿಷ ಹಬೆ ಕೊಡಿ. ಕುಕ್ಕರ್ ಬೇಡವೇ ಬೇಡ, ಒಂದು ಕೂಗಿಗೇ ಮುದ್ದೆಯಾಗುತ್ತದೆ.

ರುಚಿಗೆ ಓವನ್ನೇ ಮೇಲು. ಹೋಳುಗಳಿಗೆ ಒಂದೂವರೆ ದೊಡ್ಡ ಚಮಚ ಎಣ್ಣೆ, ಉಪ್ಪು, ಮೆಣಸಿನಪುಡಿ ಸವರಿ, ಕೊಯ್ದ ಮುಖ ಟ್ರೇಗೆ ತಾಗುವಂತೆ ಬಿಡಿಬಿಡಿಯಾಗಿ ಜೋಡಿಸಿ. 220 ಡಿಗ್ರಿಯಲ್ಲಿ 20–25 ನಿಮಿಷ. ತೊಳೆದ ನೀರು ಒರೆಸದಿದ್ದರೆ ಅಥವಾ ಟ್ರೇ ತುಂಬಾ ಒತ್ತಾಗಿದ್ದರೆ ಅವು ತಮ್ಮದೇ ಹಬೆಯಲ್ಲಿ ಬೆಂದು ಮೆತ್ತಗಾಗುತ್ತವೆ, ಕೆಂಪಗೆ ಹುರಿಯುವುದಿಲ್ಲ. ಉದುರಿದ ಬಿಡಿ ಎಲೆಗಳನ್ನು ಮೊದಲೇ ತೆಗೆದಿಡಿ, ಅವು ಬೇಗ ಸೀದು ಕಹಿಯಾಗುತ್ತವೆ. ಆದರೆ ಕಾಲು ಕೆ.ಜಿ.ಗೋಸ್ಕರ ಓವನ್ ಕಾಯಿಸುವುದು ದುಂದೇ ಸರಿ.

ದಿನದ ಅಡುಗೆಗೆ ನಮ್ಮ ಮತ ಪಲ್ಯಕ್ಕೆ. ತೆಳ್ಳಗೆ ಹೆಚ್ಚಿ ಅರ್ಧ ಗಂಟೆ ಹಾಗೇ ಬಿಡಿ. ಹೆಚ್ಚಿದಾಗ ಮೈರೋಸಿನೇಸ್ ಎಂಬ ಕಿಣ್ವ ಗ್ಲುಕೋಸಿನೊಲೇಟ್‌ಗಳನ್ನು ಒಡೆದು ಐಸೋಥಯೋಸಯನೇಟ್‌ಗಳೆಂಬ ಘಾಟಿನ ಸಂಯುಕ್ತಗಳನ್ನು ಮಾಡುತ್ತದೆ. ಈ ಕೋಸಿನ ಆರೋಗ್ಯದ ಮಾತು ಬಂದಾಗಲೆಲ್ಲ ಕೇಳಿಬರುವುದು ಇವೇ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ, ಅದಕ್ಕೇ ಕಾಯುವುದು. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವು, ಇಂಗಿನ ಒಗ್ಗರಣೆ ಮಾಡಿ, ಕೋಸು ಹಾಕಿ ದೊಡ್ಡ ಉರಿಯಲ್ಲಿ 6 ನಿಮಿಷ ಬಾಡಿಸಿ. ಮುಚ್ಚಳ ಹಾಕಬೇಡಿ, ನಾತ ಒಳಗೇ ನಿಲ್ಲುತ್ತದೆ. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಇಳಿಸಿದ ಮೇಲೆ ಕಾಯಿತುರಿ, ನಿಂಬೆರಸ, ಕಾಲು ಚಮಚ ಹಸಿ ಸಾಸಿವೆಪುಡಿ ಬೆರೆಸಿ. ಸಾಸಿವೆಯಲ್ಲೂ ಅದೇ ಕಿಣ್ವವಿದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಈ ಕೆಲಸಕ್ಕೆ ಬಾರದು.

ಹೇಗೆ ಬೇಯಿಸಿದರೂ ಕೆ ವಿಟಮಿನ್ ಹೆಚ್ಚೇನೂ ಕರಗಿಹೋಗದು. ಅದು ರಕ್ತ ಹೆಪ್ಪುಗಟ್ಟಲು ನೆರವಾಗುವಂಥದ್ದು, ಹಾಗಾಗಿ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಏಕಾಏಕಿ ಹೆಚ್ಚಿಗೆ ತಿನ್ನಬಾರದು.