ದಪ್ಪ ಗ್ಲೌಸಾ, ಹ್ಯಾಂಡಲ್ ಕವರಾ? ಎರಡು ಚಳಿಗಾಲ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬೆಳಗಿನ ಚಳಿಯಲ್ಲಿ ಬೈಕ್ ಓಡಿಸುವಾಗ ಕೈ ಬೆಚ್ಚಗಿಡಲು ನನ್ನ ಓಟು 450 ರೂಪಾಯಿಯ ಹ್ಯಾಂಡಲ್ ಕವರಿಗೆ. ಅದಕ್ಕೂ ಮುಂಚೆ 2,300 ರೂಪಾಯಿ ಕೊಟ್ಟು ದಪ್ಪ ಗ್ಲೌಸ್ ತಗೊಂಡು ಒಂದು ಚಳಿಗಾಲ ಪೂರ್ತಿ ಒದ್ದಾಡಿದ್ದೇನೆ. ನಿಮ್ಮ ದುಡ್ಡೂ ಹಾಗೆ ಹೋಗಬಾರದು.

ನನ್ನದು ಪೀಣ್ಯದಲ್ಲಿ ಫಸ್ಟ್ ಶಿಫ್ಟ್. 6 ಗಂಟೆಗೆ ಒಳಗಿರಬೇಕು. ರಾಜಾನುಕುಂಟೆಯಿಂದ 5ಕ್ಕೆ ಹೊರಟು ಯಲಹಂಕ, ಗಂಗಮ್ಮ ಸರ್ಕಲ್, ಜಾಲಹಳ್ಳಿ ಕ್ರಾಸ್ ದಾಟಿ ಹೋಗುತ್ತೇನೆ. ಗಾಡಿ 100 ಸಿಸಿಯದು. ಬಸವನಗುಡಿ ಕಡಲೆಕಾಯಿ ಪರಿಷೆ ಮುಗಿಯಿತು ಅಂದರೆ ನನಗೆ ಕೈ ಚಿಂತೆ ಶುರು. ‘ಬೆಂಗಳೂರಲ್ಲಿ ಏನ್ ಮಹಾ ಚಳಿ’ ಅನ್ನುವವರು ಒಂಬತ್ತು ಗಂಟೆಗೆ ಗಾಡಿ ತೆಗೆಯುವವರು. 1884ರ ಜನವರಿಯಲ್ಲಿ ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು, ಆ ದಾಖಲೆ ಇನ್ನೂ ಮುರಿದಿಲ್ಲ, ನಿಜ. ಆದರೆ 12 ಡಿಗ್ರಿ ಚಳಿಯಲ್ಲಿ ಗಾಡಿ 60ರಲ್ಲಿ ಓಡಿದರೆ ಬರಿಗೈಗೆ ಅದು ಸುಮಾರು 8 ಡಿಗ್ರಿಯ ಹಾಗೆ ತಟ್ಟುತ್ತದೆ. ಪುಟ್ಟೇನಹಳ್ಳಿ ಕೆರೆ ಹತ್ತಿರ ಬರುವಷ್ಟರಲ್ಲಿ ಕ್ಲಚ್ ಮೇಲಿನ ಬೆರಳುಗಳು ಮರಗಟ್ಟಿ, ಲಿವರ್ ಎಷ್ಟು ಒತ್ತಿದ್ದೇನೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಗ್ಲೌಸ್ ಬೆಚ್ಚಗಿತ್ತು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇದ್ದದ್ದು ಒಳಪದರದಲ್ಲಿ. ಹಾಕುವಾಗ ಸಲೀಸು. ತೆಗೆಯುವಾಗ ಕೈ ಸ್ವಲ್ಪ ಬೆವೆತಿದ್ದರೂ ಸಾಕು, ಒಳಗಿನ ಬಟ್ಟೆ ಬೆರಳಿಗೆ ಅಂಟಿಕೊಂಡು ಕೈ ಜೊತೆಗೇ ಹೊರಗೆ ಬರುತ್ತದೆ. ಮತ್ತೆ ಕೈ ಹಾಕಿದರೆ ಬೆರಳು ಅರ್ಧಕ್ಕೇ ನಿಲ್ಲುತ್ತದೆ. ಕಿರುಬೆರಳು, ಉಂಗುರದ ಬೆರಳು ಎರಡೂ ಒಂದೇ ಗೂಡಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ.

ಒಂದು ದಿನ ಯಲಹಂಕದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ. ಫೋನ್‌ನಲ್ಲಿ ದುಡ್ಡು ಕಳಿಸಲು ಬಲಗೈ ಗ್ಲೌಸ್ ತೆಗೆದೆ. ಐದು ಬೆರಳಿನ ಬಟ್ಟೆಯೂ ಒಣಗಿದ ಹೀರೇಕಾಯಿ ಸಿಪ್ಪೆಯ ಹಾಗೆ ಹೊರಗೆ ನೇತಾಡುತ್ತಿತ್ತು. ಹಿಂದೆ ಎರಡು ಹಾಲಿನ ಟೆಂಪೋ, ಒಂದು ಆಟೋ. ‘ಅಣ್ಣ, ಸ್ವಲ್ಪ ಸೈಡಿಗೆ ಹಾಕ್ಕೊಳ್ಳಿ’ ಅಂದ ಬಂಕಿನ ಹುಡುಗ. ಗಾಡಿ ತಳ್ಳಿಕೊಂಡು ಟೈರಿಗೆ ಗಾಳಿ ತುಂಬಿಸುವ ಜಾಗಕ್ಕೆ ಹೋಗಿ, ಜೇಬಿನ ಪೆನ್ನಿನ ಹಿಂಬದಿಯಿಂದ ಒಂದೊಂದೇ ಬೆರಳನ್ನು ಒಳಗೆ ತಳ್ಳುತ್ತಾ ನಿಂತೆ. ಹೆಬ್ಬೆರಳು ಸರಿಹೋಗುವಷ್ಟರಲ್ಲಿ ನಡುಬೆರಳು ಮತ್ತೆ ಮೇಲೆ ಬಂತು. ಹತ್ತು ನಿಮಿಷ ಹೋಯಿತು. ಕೊನೆಗೆ ಬರಿಗೈಯಲ್ಲೇ ಪೀಣ್ಯ ಮುಟ್ಟಿದೆ, ಅದೂ ಲೇಟಾಗಿ.

ಇದು ವಾರಕ್ಕೆ ಎರಡು ಮೂರು ಸಲ ಆಗುತ್ತಿತ್ತು. ಅಂಗಡಿಗೆ ವಾಪಸ್ ಹೋದರೆ ‘ಬಳಸಿದ್ದು ತಗೊಳಲ್ಲ’ ಅಂದರು. ಬೆರಳ ತುದಿಯಲ್ಲಿ ಒಳಬಟ್ಟೆಯನ್ನು ಹೊರಚರ್ಮಕ್ಕೆ ಸೇರಿಸಿ ಹೊಲಿದಿದ್ದರೆ ಈ ಪಾಡು ಇರುತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು. ಹಾಗಾಗಿ ನೀವು ದಪ್ಪ ಗ್ಲೌಸೇ ತಗೊಳ್ಳುವುದಾದರೆ ಅಂಗಡಿಯಲ್ಲೇ ಒಳಗಿನ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಎಳೆದು ನೋಡಿ. ಜಾರಿ ಬಂದರೆ ಅಲ್ಲೇ ಬಿಟ್ಟು ಬನ್ನಿ.

ಹ್ಯಾಂಡಲ್ ಕವರ್ ಸಿಕ್ಕಿದ್ದು ಜೆ.ಸಿ. ರೋಡಿನಲ್ಲಿ. ಹಿಡಿ, ಲಿವರ್, ಸ್ವಿಚ್ ಎಲ್ಲವನ್ನೂ ಮುಚ್ಚುವ ಚೀಲದಂಥದ್ದು. ಗಾಡಿಗೆ ಕಟ್ಟಿ ಒಳಗೆ ಕೈ ತೂರಿಸುವುದು, ಅಷ್ಟೇ. ದೆಹಲಿ ಕಡೆ ಚಳಿಗಾಲದಲ್ಲಿ ತುಂಬಾ ಬಳಸುತ್ತಾರೆ, ನಮ್ಮಲ್ಲಿ ಕಡಿಮೆ. ಗಾಳಿಯೇ ಕೈಗೆ ತಾಗುವುದಿಲ್ಲವಾದ್ದರಿಂದ ಒಳಗೆ ತೆಳು ಚರ್ಮದ ಗ್ಲೌಸ್ ಸಾಕು. ಆ ಗ್ಲೌಸ್ ಮಾತ್ರ ಬಿಡಬೇಡಿ. ಬಿದ್ದರೆ ಅಂಗೈ ಉಳಿಸುವುದು ಅದೇ, ಕವರ್ ಅಲ್ಲ. ತೆಳು ಇರುವುದರಿಂದ ಕ್ಲಚ್ಚಿನ ಹಿಡಿತವೂ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಇದೆ. ಕವರ್ ತೀರಾ ಮೆತ್ತಗಿದ್ದರೆ ವೇಗದಲ್ಲಿ ಗಾಳಿ ಅದನ್ನು ಬ್ರೇಕ್ ಲಿವರ್ ಮೇಲೆ ಒತ್ತುತ್ತದೆ. ಹಿಂದಿನ ಲೈಟ್ ಸುಮ್ನೆ ಉರಿಯುತ್ತಿರಬಹುದು, ಬ್ರೇಕೂ ಸ್ವಲ್ಪ ಹಿಡಿಯಬಹುದು. ಒಳಗೆ ಗಟ್ಟಿ ಹಾಳೆ ಇರುವುದನ್ನೇ ಆರಿಸಿ. ಇಂಡಿಕೇಟರ್ ಸ್ವಿಚ್ ಕಣ್ಣಿಗೆ ಕಾಣಲ್ಲ, ನಾಲ್ಕು ದಿನದಲ್ಲಿ ಹೆಬ್ಬೆರಳಿಗೆ ರೂಢಿಯಾಗುತ್ತದೆ. ಕೈ ತಟ್ಟನೆ ಹೊರಗೆ ಬರುತ್ತಾ ಅಂತ ಗಾಡಿ ನಿಲ್ಲಿಸಿಕೊಂಡೇ ಅಭ್ಯಾಸ ಮಾಡಿ.

ಬೆಂಗಳೂರಿಗೆ ಇದು ಇನ್ನೂ ಒಂದು ಕಾರಣಕ್ಕೆ ಒಗ್ಗುತ್ತದೆ. ಬೆಳಗ್ಗೆ ನಡುಕ, ಮಧ್ಯಾಹ್ನ ವಾಪಸ್ ಬರುವಾಗ 27 ಡಿಗ್ರಿ ಬಿಸಿಲು. ಪಟ್ಟಿ ಕಿತ್ತು ಬ್ಯಾಗಿಗೆ ಹಾಕಿದರೆ ಮುಗಿಯಿತು, ತೆಳು ಗ್ಲೌಸಿನಲ್ಲೇ ಮನೆ ಸೇರಬಹುದು.

ಉಲ್ಲನ್ ಗ್ಲೌಸ್? ಗಾಳಿ ನೇರ ಒಳಗೆ ಬರುತ್ತದೆ, ಹಿಡಿಯೂ ಜಾರುತ್ತದೆ. ಬೇಡ.

ಕಬ್ಬಿಣದ ಪುಡಿಯ ಬಿಸಿ ಪೊಟ್ಟಣ ನಂದಿ ಬೆಟ್ಟಕ್ಕೆ ವರ್ಷಕ್ಕೊಮ್ಮೆ ಹೋಗುವವರಿಗೆ ಪರವಾಗಿಲ್ಲ. ದಿನಾ ಒಂದು ಜೊತೆ ಎಸೆಯಲು ನನ್ನ ಸಂಬಳ ಸಾಲದು.

ಕರೆಂಟಿನಿಂದ ಬಿಸಿಯಾಗುವ ಹಿಡಿ ನನ್ನ ಭಾವನ ದೊಡ್ಡ ಗಾಡಿಯಲ್ಲಿದೆ, ಓಡಿಸಿ ನೋಡಿದೆ. ಅಂಗೈ ಬೆಚ್ಚಗೆ, ಕೈಯ ಹಿಂಬದಿ ತಣ್ಣಗೆ. ಸುಮಾರು 30 ವಾಟ್ ಎಳೆಯುತ್ತದೆ. ನನ್ನ ಗಾಡಿಯ ಪುಟ್ಟ ಬ್ಯಾಟರಿ ಮೇಲೆ ಅಷ್ಟು ಭಾರ ಹಾಕಲು ಮನಸ್ಸು ಬರಲಿಲ್ಲ.

ಕೈಗೆ ಏನೇ ತಗೊಂಡರೂ ಎದೆ ಮುಚ್ಚಿಕೊಳ್ಳಿ. ಮೈ ತಣ್ಣಗಾದರೆ ಬೆರಳಿನ ರಕ್ತನಾಳಗಳು ಕುಗ್ಗಿ ಅಲ್ಲಿಗೆ ರಕ್ತ ಹೋಗುವುದೇ ಕಡಿಮೆಯಾಗುತ್ತದೆ. ಜರ್ಕಿನ್ ಒಳಗೆ ನಾನು ಈಗಲೂ ಹಿಂದಿನ ದಿನದ ಪೇಪರ್ ಮಡಚಿ ಇಟ್ಟುಕೊಳ್ಳುತ್ತೇನೆ.

ಎಂಟರ ಮೇಲೆ ಹೊರಡುವವರಾದರೆ ಏನೂ ಕೊಳ್ಳಬೇಡಿ, ಇರುವ ಗ್ಲೌಸೇ ಸಾಕು. ನನ್ನ ಹಾಗೆ ಐದಕ್ಕೆ ಕಿಕ್ ಹೊಡೆಯುವವರು, ಸಾವಿರದೊಳಗೆ ಮುಗಿಸಬೇಕು ಅನ್ನುವವರು ಕವರ್ ಮತ್ತು ತೆಳು ಗ್ಲೌಸ್ ತಗೊಳ್ಳಿ. ನನಗೆ ಎರಡೂ ಸೇರಿ 950 ಆಯಿತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಕವರ್ ಒಗೆದು ಅಟ್ಟಕ್ಕೆ ಹಾಕುತ್ತೇನೆ. ದಪ್ಪ ಗ್ಲೌಸ್ ಈಗಲೂ ಅಲ್ಲೇ ಇದೆ, ಬಲಗೈಯ ಕಿರುಬೆರಳು ಇನ್ನೂ ಹೊರಗೇ.