ಗ್ರೂಪರ್: ಪುಣೆಯ ಒಂದು ವಿಶ್ವವಿದ್ಯಾಲಯದಲ್ಲಿ ಬಳಸಿ ಕಂಡಂತೆ

ಯಾರಿಗೆ ಯಾವ ತಂತ್ರಾಂಶದ ಪ್ರವೇಶವಿರಬೇಕೆಂಬುದನ್ನು ಹೆಸರು ಹೆಸರಾಗಿ ಪಟ್ಟಿಮಾಡುವ ಪದ್ಧತಿ ಪುಣೆಯ ನಮ್ಮ ಗಣಕ ವಿಭಾಗದಲ್ಲಿ ಬಹುಕಾಲ ನಡೆದಿತ್ತು. ಅದರ ಜಾಗಕ್ಕೆ ಬಂದ ಗ್ರೂಪರ್, ಜನರನ್ನು ಗುಂಪುಗಳಾಗಿ ವಿಂಗಡಿಸಿ ಗುಂಪಿನ ಮೂಲಕವೇ ಪ್ರವೇಶ ಕೊಡಲು ನೆರವಾಗುವ ಸಾಧನ. ಇದು ಅಮೆರಿಕದ ವಿಶ್ವವಿದ್ಯಾಲಯಗಳು ಮುಂತಾದವು ಸೇರಿರುವ ಇಂಟರ್‌ನೆಟ್2 ಒಕ್ಕೂಟದ ಮುಕ್ತ ತಂತ್ರಾಂಶ, ಪರವಾನಗಿ ಶುಲ್ಕವಿಲ್ಲ.

ಇದರ ಹೆಚ್ಚುಗಾರಿಕೆಯಿರುವುದು ಗುಂಪುಗಳನ್ನು ಪದರಪದರವಾಗಿ ಕಟ್ಟುವುದರಲ್ಲಿ. ‘ಈ ಸಾಲಿನ ಎಂ.ಎ. ವಿದ್ಯಾರ್ಥಿಗಳು’ ಎಂಬ ಗುಂಪು ದಾಖಲಾತಿಯ ಡೇಟಾಬೇಸ್‌ನಿಂದ ತಾನಾಗಿಯೇ ತುಂಬಿಕೊಳ್ಳುತ್ತದೆ. ಅದನ್ನು ‘ಇ-ಪತ್ರಿಕೆ ಓದಬಹುದಾದವರು’ ಎಂಬ ಗುಂಪಿಗೆ ಸೇರಿಸಿ, ತಡೆಹಿಡಿಯಬೇಕಾದವರ ಇನ್ನೊಂದು ಗುಂಪನ್ನು ಕಳೆದರೆ, ಉಳಿದವರಿಗಷ್ಟೇ ಗ್ರಂಥಾಲಯದ ಇ-ಪತ್ರಿಕೆಗಳು ತೆರೆದುಕೊಳ್ಳುತ್ತವೆ. ಧಾರವಾಡದಿಂದ ಒಂದು ಸೆಮಿಸ್ಟರಿಗೆಂದು ಬಂದ ಅತಿಥಿ ಉಪನ್ಯಾಸಕರನ್ನು ಸೇರಿಸುವಾಗಲೇ ಕೊನೆಯ ದಿನಾಂಕ ನಮೂದಿಸಿದ್ದೆವು. ಆ ದಿನ ಕಳೆದ ಮೇಲೆ ಯಾರೂ ನೆನಪಿಸದೆಯೇ ಅವರ ಸದಸ್ಯತ್ವ ನಿಂತಿತು. ಯಾರನ್ನು ಯಾರು ಯಾವಾಗ ಸೇರಿಸಿದರೆಂಬ ದಾಖಲೆಯೂ ಉಳಿಯುವುದರಿಂದ ಆಡಿಟ್‌ನವರ ಪ್ರಶ್ನೆಗಳಿಗೆ ತಡಕಾಡಬೇಕಿಲ್ಲ.

ಹಾಗೆಂದು ಇದು ಕೂಡಲೇ ಕೈಗೆ ಒಗ್ಗುವ ಸಾಧನವಲ್ಲ. ಗುಂಪುಗಳನ್ನು ಜೋಡಿಸಿಡುವ ಫೋಲ್ಡರುಗಳಿಗೆ ಹೆಸರಿಡುವ ಕ್ರಮವನ್ನು ಮೊದಲೇ ಗೊತ್ತುಪಡಿಸದಿದ್ದರೆ ವಿಭಾಗಕ್ಕೊಂದು ಬಗೆಯ ಗುಂಪುಗಳು ಹುಟ್ಟಿಕೊಂಡು ಗೋಜಲಾಗುತ್ತದೆ. ಗುಂಪಿನ ಉಸ್ತುವಾರಿಯನ್ನು ಆಯಾ ವಿಭಾಗದ ಕಚೇರಿಗೇ ವಹಿಸಿಕೊಡಬಹುದು, ಆದರೆ ಅಲ್ಲಿನವರಿಗೆ ತರಬೇತಿ ಕೊಡದೆ ಹಾಗೆ ಮಾಡುವುದು ತರವಲ್ಲ. ಒಂದೇ ಕಟ್ಟಡದ ಸಣ್ಣ ಕಾಲೇಜಿಗೆ ಇದು ಹೊರೆಯೇ ಸರಿ. ಸಂಯೋಜಿತ ಕಾಲೇಜುಗಳು ಹಲವಿರುವ ವಿಶ್ವವಿದ್ಯಾಲಯಕ್ಕಾದರೆ ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.