ಸೇಂಟ್ ಥಾಮಸ್‌ನಲ್ಲಿ ಕಾಂಡೊ ಹಿಡಿಯುವವರೇ, ಮೊದಲು ಮನೆ ನಂಬರ್ ಕೇಳಿ

ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದಲ್ಲಿ ರಜೆಗೆಂದು ಕಾಂಡೊ, ಅಂದರೆ ಸಮುಚ್ಚಯದೊಳಗಿನ ಬಾಡಿಗೆ ಮನೆ, ಹುಡುಕುತ್ತಿದ್ದೀರಾ? ಹಾಗಾದರೆ ಬಾಡಿಗೆಗೆ ಕೊಡುವವರನ್ನು ಒಂದು ಪ್ರಶ್ನೆ ಕೇಳಿ: “ಈ ಚಿತ್ರಗಳಲ್ಲಿ ಕಾಣುವ ಮನೆಯ ನಂಬರ್ ಎಷ್ಟು? ನಮಗೆ ಕೊಡುವುದು ಅದನ್ನೇ ತಾನೆ?” ಇದಕ್ಕೆ ಬರಹದಲ್ಲಿ ಉತ್ತರ ಬರುವ ತನಕ ಒಂದು ಡಾಲರ್ ಮುಂಗಡವನ್ನೂ ಕೊಡಬೇಡಿ. ಕಳೆದ ಬೇಸಿಗೆಯಲ್ಲಿ ನಮ್ಮ ಸಂಸಾರ ಅಲ್ಲಿ ಪಟ್ಟ ಪಾಡು ಇನ್ನೊಬ್ಬರಿಗೆ ಬರದಿರಲಿ ಎಂದು ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಸೇಂಟ್ ಥಾಮಸ್ ಅಮೆರಿಕದ್ದೇ ನೆಲ. 1917ರಲ್ಲಿ ಡೆನ್ಮಾರ್ಕಿಗೆ ಎರಡೂವರೆ ಕೋಟಿ ಡಾಲರ್ ಬೆಲೆಯ ಚಿನ್ನ ತೆತ್ತು ಕೊಂಡದ್ದು. ಹಾಗಾಗಿ ಅಲ್ಲಿಗೆ ಹೋಗಲು ಹಿರಿಯರಿಗೆ ಇನ್ನೊಂದು ದೇಶದ ವೀಸಾ ಮಾಡಿಸುವ ರಗಳೆಯಿಲ್ಲ. ಹೋಟೆಲ್ ಬಿಟ್ಟು ಕಾಂಡೊ ಹುಡುಕಿದ್ದು ಅಡುಗೆಮನೆಗಾಗಿ. ಹೊರಗೆ ಒಂದು ಹೊತ್ತು ಉಂಡರೆ ಮರುಹೊತ್ತಿಗೆ ಅಮ್ಮನಿಗೆ ಅನ್ನ ಸಾರು ಆಗಲೇಬೇಕು. ಸಮುದ್ರದ ನಡುವಿನ ಊರಿನಲ್ಲಿ ಸಸ್ಯಾಹಾರಿಗಳ ಪಾಡು ನಿಮಗೆ ಗೊತ್ತೇ ಇದೆ.

ಅಲ್ಲಿನ ಕಾಂಡೊ ವ್ಯವಹಾರ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನಿಂದ ನೋಡಿದರೆ ಇಡೀ ಸಮುಚ್ಚಯಕ್ಕೆ ಒಂದೇ ಹೆಸರು, ಒಂದೇ ಬಣ್ಣ, ಒಂದೇ ಈಜುಕೊಳ. ಒಳಗೆ ಒಂದೊಂದು ಮನೆಗೂ ಒಬ್ಬೊಬ್ಬ ಮಾಲೀಕ. ಒಬ್ಬರು ಹೋದ ವರ್ಷವಷ್ಟೇ ಹೊಸ ಮಂಚ, ಹೊಸ ಫ್ರಿಜ್ ಹಾಕಿಸಿರುತ್ತಾರೆ. ಪಕ್ಕದ ಮನೆಯವರು 2017ರ ಇರ್ಮಾ ಮತ್ತು ಮರಿಯಾ ಚಂಡಮಾರುತಗಳ ನಂತರ ಬಣ್ಣ ಬಳಿಸಿದ್ದೇ ಕೊನೆ, ಮತ್ತೆ ಅತ್ತ ತಲೆ ಹಾಕಿರುವುದಿಲ್ಲ. ಕೆಲವರು ತಾವೇ ಬಾಡಿಗೆಗೆ ಕೊಡುತ್ತಾರೆ, ಕೆಲವರು ನಿರ್ವಹಣೆಯ ಸಂಸ್ಥೆಗೆ ಒಪ್ಪಿಸುತ್ತಾರೆ. ಸಮುಚ್ಚಯದ ಬಗ್ಗೆ ಜನ ಬರೆದ ನೂರಾರು ಹೊಗಳಿಕೆಗಳಲ್ಲಿ ನಿಮಗೆ ಸಿಗುವ ಮನೆಯ ಕುರಿತು ಒಂದೂ ಇಲ್ಲದಿರಬಹುದು.

ನಮಗೆ ಸಿಕ್ಕಿದ್ದು ಅಂಥ ಒಂದು ಸಂಸ್ಥೆ. ಜಾಲತಾಣದಲ್ಲಿ ತೋರಿಸಿದ್ದು ಮೇಲಿನ ಮಹಡಿಯ, ಶಾಂತವಾದ ಕೊಲ್ಲಿಯ ಕಡೆಗೆ ಮುಖ ಮಾಡಿದ, ಅಗಲವಾದ ಬಾಲ್ಕನಿಯ ಮನೆ. ಕೀಲಿ ಕೊಟ್ಟಿದ್ದು ಸಮುಚ್ಚಯದ ಇನ್ನೊಂದು ತುದಿಯಲ್ಲಿ, ಗುಡ್ಡದ ಇಳಿಜಾರಿನ ಕೆಳಗಿರುವ, ಪೂರ್ವಕ್ಕೆ ಬಾಗಿಲು ತೆರೆಯುವ ಮನೆಗೆ. ದ್ವೀಪವೆಲ್ಲ ಗುಡ್ಡವೇ, ಲಿಫ್ಟ್ ಇಲ್ಲ. ಮಂಡಿ ನೋವಿನ ಅಮ್ಮ ಸೂಟ್‌ಕೇಸಿನ ಹಿಂದೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಕಚೇರಿಯಲ್ಲಿ ಕೇಳಿದ್ದಕ್ಕೆ ಕರಾರಿನ ಒಂದು ಸಾಲನ್ನು ತೋರಿಸಿದರು: ಸಮಾನ ದರ್ಜೆಯ ಬೇರೆ ಮನೆಯನ್ನು ಕೊಡುವ ಹಕ್ಕು ಸಂಸ್ಥೆಗೆ ಇರುತ್ತದೆ. ಆ ಕರಾರು ನಮ್ಮ ಕೈಗೆ ಬಂದದ್ದು ಪೂರ್ತಿ ಹಣ ಕಟ್ಟಿಸಿಕೊಂಡ ಮೇಲೆ! ಎರಡು ಮಲಗುವ ಕೋಣೆ ಅಲ್ಲೂ ಇವೆ, ಇಲ್ಲೂ ಇವೆ, ಸಮುದ್ರ ಅಲ್ಲೂ ಕಾಣುತ್ತದೆ, ಇಲ್ಲೂ ಕಾಣುತ್ತದೆ. ಅವರ ಲೆಕ್ಕದಲ್ಲಿ ಇದೇ ಸಮಾನ ದರ್ಜೆ.

ಸಮುದ್ರ ಕಾಣುತ್ತಿತ್ತು, ನಿಜ. ನೀಲಿಯಾಗಿ ಅಲ್ಲ, ಕಂದು ಬಣ್ಣವಾಗಿ. ಬಾಗಿಲು ತೆರೆದ ಕೂಡಲೇ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಇಲ್ಲೆಲ್ಲೋ ಚರಂಡಿ ಕಟ್ಟಿಕೊಂಡಿದೆಯೇನೋ, ನೋಡು” ಎಂದರು. ಚರಂಡಿಯಲ್ಲ, ಸಾರ್ಗಾಸಮ್ ಎಂಬ ಕಡಲಕಳೆ. ಅಟ್ಲಾಂಟಿಕ್‌ನಲ್ಲಿ ತೇಲುತ್ತ ಬೆಳೆಯುವ ಇದು ನಡುಗಡಲಿನಲ್ಲಿ ಮೀನುಮರಿಗಳಿಗೂ ಆಮೆಮರಿಗಳಿಗೂ ಆಸರೆ. 2011ರಿಂದ ಈಚೆಗೆ ರಾಶಿರಾಶಿಯಾಗಿ ಕೆರಿಬಿಯನ್ ದಡಗಳಿಗೆ ಬಂದು ಬೀಳುತ್ತಿದೆ. 2022ರ ಜುಲೈನಲ್ಲಿ ನೆರೆಯ ಸೇಂಟ್ ಕ್ರೋಯ್ ದ್ವೀಪದಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಘಟಕಕ್ಕೇ ಇದರಿಂದ ಕುತ್ತು ಬಂದು ತುರ್ತುಪರಿಸ್ಥಿತಿ ಸಾರಬೇಕಾಯಿತು. ದಡದಲ್ಲಿ ಬಿದ್ದು ಎರಡು ದಿನ ಕಳೆದರೆ ಕೊಳೆಯಲು ಹತ್ತುತ್ತದೆ, ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಕೊಳೆತ ಮೊಟ್ಟೆಯ ನಾತ ಅದರದ್ದೇ. ತಲೆನೋವು, ಕಣ್ಣುರಿ ಬರುತ್ತವೆ. ಅಪ್ಪನಿಗೆ ಮೊದಲೇ ದಮ್ಮು, ರಾತ್ರಿಯೆಲ್ಲ ಇನ್‌ಹೇಲರ್ ಕೈಯಲ್ಲೇ. ಹೊರಡುವ ಹೊತ್ತಿಗೆ ಅಮ್ಮನ ಬೆಳ್ಳಿಯ ಕಾಲುಂಗುರಗಳು ಹೊಗೆ ಹಿಡಿದ ಹಾಗೆ ಕಪ್ಪಾಗಿದ್ದವು. ಬೆಳ್ಳಿಯನ್ನು ಕಪ್ಪು ಮಾಡುವ ಅನಿಲ ಎ.ಸಿ.ಯ ತಾಮ್ರದ ಕೊಳವೆಗಳನ್ನು ಬಿಟ್ಟೀತೇ? ಕೋಣೆಯ ಎ.ಸಿ. ಏದುಸಿರು ಬಿಡುತ್ತಿದ್ದುದು ಸುಮ್ಮನೆ ಅಲ್ಲ.

ಇದನ್ನು ಮೊದಲೇ ಊಹಿಸಲು ಬರುತ್ತದೆ. ಶಾಲೆಯಲ್ಲಿ ಓದಿದ ವಾಣಿಜ್ಯ ಮಾರುತಗಳು ಅಲ್ಲಿ ವರ್ಷವಿಡೀ ಪೂರ್ವದಿಂದ ಬೀಸುತ್ತವೆ. ಗಾಳಿ ಬಂದ ದಿಕ್ಕಿನಿಂದಲೇ ಕಳೆಯೂ ಬರುತ್ತದೆ. ಆದ್ದರಿಂದ ಪೂರ್ವ ಮತ್ತು ದಕ್ಷಿಣದ ದಡಗಳಿಗೆ ಹೊಡೆತ ಹೆಚ್ಚು. ಉತ್ತರದ ಮೇಗನ್ಸ್ ಬೇ ಕಡೆ ಸಾಮಾನ್ಯವಾಗಿ ಕಡಿಮೆ. ನಾವು ದಿನವೂ ಕಾರು ಹತ್ತಿ ಅಲ್ಲಿಗೇ ಹೋಗುತ್ತಿದ್ದೆವು. ಕಾಟ ಜೋರಾಗುವುದು ವಸಂತದ ಕೊನೆಯಿಂದ ಬೇಸಿಗೆಯವರೆಗೆ, ಅಂದರೆ ಇಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ರಜೆ ಇರುವಾಗಲೇ. ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದವರು ಉಪಗ್ರಹದ ಚಿತ್ರಗಳನ್ನು ನೋಡಿ ತಿಂಗಳು ತಿಂಗಳೂ ಇದರ ಮುನ್ಸೂಚನೆ ಹೊರಡಿಸುತ್ತಾರೆ. ಅದನ್ನು ಓದಿ, ಜೊತೆಗೆ ನಿಮ್ಮ ಮನೆಯ ಬಾಲ್ಕನಿ ಯಾವ ದಿಕ್ಕಿಗಿದೆ ಎಂದು ಕೇಳಿ. ಉಪಗ್ರಹ ನಕ್ಷೆಯಲ್ಲಿ ಕಟ್ಟಡವನ್ನು ನೀವೇ ಹುಡುಕಿ ತಾಳೆ ನೋಡಿ. ಮನೆ ನಂಬರ್ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ನಂಬರ್ ಇಲ್ಲದೆ ದಿಕ್ಕು ಗೊತ್ತಾಗುವುದಿಲ್ಲ.

ಕರೆಂಟಿನ ಕಥೆ ಇನ್ನೊಂದು. ಅಲ್ಲಿ ವಿದ್ಯುತ್ ಬಲು ದುಬಾರಿ, ಯೂನಿಟ್‌ಗೆ 40 ಸೆಂಟಿನ ಆಸುಪಾಸು. ಅದೂ ಆಗಾಗ ಕೈಕೊಡುತ್ತದೆ. ಜಾಹೀರಾತಿನಲ್ಲಿ “ಜನರೇಟರ್ ಇದೆ” ಎಂದು ಬರೆದಿದ್ದರು. ಇತ್ತು, ಮೆಟ್ಟಿಲಿನ ದೀಪಗಳಿಗೂ ಈಜುಕೊಳದ ಪಂಪಿಗೂ ಮಾತ್ರ. ಮನೆಯೊಳಗೆ ಕತ್ತಲೆ, ಸೆಖೆ. ನಾತಕ್ಕೆ ಹೆದರಿ ಕಿಟಕಿ ತೆರೆಯುವಂತಿಲ್ಲ. ಸ್ವಲ್ಪ ಹೊತ್ತಿಗೆ ನಲ್ಲಿಯೂ ನಿಂತಿತು. ಅಲ್ಲಿನ ಕಟ್ಟಡ ನಿಯಮದ ಪ್ರಕಾರ ಮಾಡಿನ ಮೇಲೆ ಬಿದ್ದ ಮಳೆನೀರನ್ನು ಮನೆಯಡಿಯ ತೊಟ್ಟಿಯಲ್ಲಿ ಹಿಡಿದಿಡಬೇಕು. ನಮ್ಮ ಬೆಂಗಳೂರಿನ ಸಂಪಿನ ಹಾಗೆಯೇ, ಪಂಪು ಓಡದಿದ್ದರೆ ನೀರು ಮೇಲೆ ಬರುವುದಿಲ್ಲ. ಒಲೆಯೂ ಕರೆಂಟಿನದೇ. ಕುಕ್ಕರ್ ಎರಡನೇ ಸೀಟಿಗೆ ಮೊದಲೇ ತಣ್ಣಗಾಯಿತು. ಅರೆಬೆಂದ ಬೇಳೆಯನ್ನು ಮುಂದಿಟ್ಟುಕೊಂಡು ಅಮ್ಮ, “ಇದಕ್ಕೇನೋ ಅಡುಗೆಮನೆ ಬೇಕು ಅಂದಿದ್ದು?” ಎಂದು ಕೇಳಿದರು. ಜನರೇಟರ್ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಮನೆಯೊಳಗಿನ ಫ್ರಿಜ್, ಪಂಪು, ಎ.ಸಿ. ಇವುಗಳಲ್ಲಿ ಯಾವುದು ಓಡುತ್ತದೆ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಎ.ಸಿ. ನಡುಮನೆಯಲ್ಲೂ ಇದೆಯೋ, ಮಲಗುವ ಕೋಣೆಗಳಲ್ಲಿ ಮಾತ್ರವೋ ಎಂಬುದನ್ನೂ ಸೇರಿಸಿ.

ಬಾಡಿಗೆಯ ಮೇಲಿನ ತೆರಿಗೆ, ಶುಚಿಗೊಳಿಸುವ ಶುಲ್ಕ, ಠೇವಣಿ ಇವೆಲ್ಲ ಸೇರಿ ಎಷ್ಟಾಗುತ್ತದೆ ಎಂದು ಒಟ್ಟು ಮೊತ್ತವನ್ನೇ ಕೇಳಿ. ಕಾರು ಬೇಕೇ ಬೇಕು. ಸ್ಟೀರಿಂಗ್ ಅಮೆರಿಕದಂತೆ ಎಡಗಡೆ, ಓಡಿಸುವುದು ಮಾತ್ರ ರಸ್ತೆಯ ಎಡಬದಿಯಲ್ಲಿ. ಇಡೀ ಪ್ರವಾಸದಲ್ಲಿ ಅಪ್ಪನಿಗೆ ಮೆಚ್ಚುಗೆಯಾದದ್ದು ಅದೊಂದೇ: “ಅಂತೂ ಇವತ್ತು ಸರಿಯಾದ ಬದಿಯಲ್ಲಿ ಓಡಿಸುತ್ತಿದ್ದೀಯಪ್ಪ.” ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ಹೋಗುವುದಾದರೆ ಪ್ರವಾಸ ವಿಮೆಯನ್ನು ಟಿಕೆಟ್ ಕೊಂಡಾಗಲೇ ಮಾಡಿಸಿ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಮಾಡಿಸಿದ ವಿಮೆ ಆ ಬಿರುಗಾಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಬಾಕಿಯನ್ನು ಬ್ಯಾಂಕ್ ಖಾತೆಗೆ ನೇರವಾಗಿ ಹಾಕಿದರೆ ರಿಯಾಯಿತಿ ಕೊಡುತ್ತೇವೆ ಎಂದು ಸಂಸ್ಥೆಯವರು ಬೆಣ್ಣೆಯಂಥ ಮಾತಾಡಿದ್ದರು. ನನ್ನ ಹೆಂಡತಿ ಬೇಡವೆಂದರೆ ಬೇಡವೆಂದು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿಸಿದಳು. ತಕರಾರು ಹೂಡಲು ದಾರಿ ಉಳಿದದ್ದು ಅದರಿಂದಲೇ. ಜಾಹೀರಾತಿನ ಪುಟದ ಚಿತ್ರ, ನಮಗೆ ಕೊಟ್ಟ ಮನೆಯ ಚಿತ್ರ, ಕರಾರು ಬಂದ ತಾರೀಕು ಎಲ್ಲವನ್ನೂ ಕಾರ್ಡ್ ಕೊಟ್ಟ ಬ್ಯಾಂಕಿಗೆ ಕಳಿಸಿದೆವು. ಸಂಸ್ಥೆಯವರು ಅದೇ “ಸಮಾನ ದರ್ಜೆ”ಯ ಸಾಲನ್ನು ಮುಂದೊಡ್ಡಿ ತಿಂಗಳುಗಟ್ಟಲೆ ಎಳೆದಾಡಿ, ಕೊನೆಗೆ ಬಾಡಿಗೆಯಲ್ಲಿ ಒಂದು ಪಾಲು ಮಾತ್ರ ಹಿಂತಿರುಗಿಸಿದರು. ನಿಮ್ಮ ಕರಾರಿನಲ್ಲಿ ಆ ಸಾಲು ಇದ್ದರೆ ಹಣ ಕಟ್ಟುವ ಮುಂಚೆಯೇ ಹೊಡೆದು ಹಾಕಿಸಿ, ಮನೆ ನಂಬರ್ ಬರೆಸಿ. ಒಪ್ಪದಿದ್ದರೆ ಬಿಟ್ಟು ಮುಂದೆ ಹೋಗಿ. ದ್ವೀಪದಲ್ಲಿ ಬಾಡಿಗೆ ಮನೆಗಳಿಗೆ ಬರವಿಲ್ಲ.

ಊರಿನಿಂದ ಬಂದ ಹಿರಿಯರನ್ನು ಕರೆದೊಯ್ಯುವವರಿಗೆ ಇನ್ನೊಂದು ಮಾತು. ಹೋಗುವಾಗ ಯಾರೂ ಕೇಳದಿದ್ದರೂ, ಸೇಂಟ್ ಥಾಮಸ್‌ನಿಂದ ವಾಪಸು ವಿಮಾನ ಹತ್ತುವಾಗ ಸುಂಕ ಮತ್ತು ವಲಸೆ ಅಧಿಕಾರಿಗಳ ತಪಾಸಣೆ ಎಲ್ಲರಿಗೂ ಇದೆ. ಅಮೆರಿಕದೊಳಗಿನ ಪ್ರಯಾಣ ತಾನೇ ಎಂದು ವೀಸಾ ಇರುವ ಪಾಸ್‌ಪೋರ್ಟುಗಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಸಾಲು ಉದ್ದ ಇರುತ್ತದೆ, ಕಾಯುವವರಿಗೆ ಕುರ್ಚಿಗಳು ಕಡಿಮೆ. ಮೂರು ಗಂಟೆ ಮುಂಚೆ ಹೋಗಿ.